ಏಕೈಕ ಹಳದಿ ಕಡತ

ಹುಟ್ಟು ಮತ್ತು ಸಾವು ತಮ್ಮ ತಮ್ಮ ಗಳಿಗೆಗೆ ಸರಿಯಾಗಿ ಬರುತ್ತವೆ. ನಡುವಿನ ಕೆಲಸಗಳಿಗೆ ಮಾತ್ರ ಜ್ಞಾಪನಪತ್ರ ಬೇಕಾಗುತ್ತದೆ. ಇದು ಯಾವುದೋ ಶಾಸ್ತ್ರದ ಮಾತೆಂದು ತಿಳಿಯಬೇಡಿ. ತಿಂಗಳ ಖರ್ಚಿನ ತಃಖ್ತೆ ಏಕೆ ತಡವಾಯಿತೆಂದು ವಿವರಣೆ ಕೇಳಿದಾಗ ಮೊದಲ ಸಾಲಾಗಿ ನಾನೇ ಬರೆದದ್ದು. ಸಾಹೇಬರು ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಒಪ್ಪಿಲ್ಲ’ ಎಂದು ಬರೆದು ಸಹಿ ಮಾಡಿದರು.

ಈಗ ಇದೆಲ್ಲ ನೆನಪಾಗಲು ಕಾರಣ ಪಕ್ಕದ ಮನೆಯ ಹುಡುಗಿ. ಅವಳಿಗೆ ಹೋದ ತಿಂಗಳು ಒಂದು ಕಚೇರಿಯ ಲೆಕ್ಕಶಾಖೆಯಲ್ಲಿ ಕೆಲಸ ಸಿಕ್ಕಿತು. ವಾರ ಕಳೆಯುವುದರೊಳಗೆ ನಮ್ಮ ಶೆಟ್ಟಿಹಳ್ಳಿಯ ಮನೆಯ ಗೇಟಿನ ಹತ್ತಿರ ನಿಂತು ಕೇಳಿದಳು: “ಅಂಕಲ್, ಒಂದೇ ದಿನಕ್ಕೆ ಮೂರು ಅರ್ಜೆಂಟ್ ಕೆಲ್ಸ ಬಂದ್ರೆ ಯಾವುದು ಮೊದ್ಲು ಮಾಡ್ಬೇಕು?”

“ಮೂರೇನಾ?” ಎಂದೆ.

ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ. ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಎಪ್ಪತ್ತರ ದಶಕದ ಆರಂಭದಲ್ಲಿ ತುಮಕೂರಿನ ಒಂದು ಜಿಲ್ಲಾ ಕಚೇರಿಯ ಲೆಕ್ಕಶಾಖೆಗೆ ಗುಮಾಸ್ತನಾಗಿ ಸೇರಿದೆ. ಇಲಾಖೆಯ ಹೆಸರು ಬೇಡ. ನನ್ನ ಒಂದೆರಡು ಕಾಗದ ಅಲ್ಲಿ ಇನ್ನೂ ಬಾಕಿ ಇವೆ. ನಮ್ಮ ಕೈಕೆಳಗೆ ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಉಪಕಚೇರಿ. ಮೇಲೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ. ಕೆಳಗಿನವರು ಕೇಳುತ್ತಿದ್ದರು, ಮೇಲಿನವರೂ ಕೇಳುತ್ತಿದ್ದರು; ಶಿರಾ ಗೇಟಿನ ಹತ್ತಿರದ ನಾಲ್ಕು ಕೋಣೆಗಳಲ್ಲಿ ಕೂತ ನಾವು, ಕೆಳಗಿನವರು ಕೇಳಿದ್ದನ್ನು ಮೇಲಿನವರಿಗೂ ಮೇಲಿನವರು ಕೇಳಿದ್ದನ್ನು ಕೆಳಗಿನವರಿಗೂ ಕಳಿಸುತ್ತಿದ್ದೆವು. ಇದಕ್ಕೆ ಆಡಳಿತ ಎಂದು ಹೆಸರು.

ಆ ಕಾಲದಲ್ಲಿ ಅವಸರ ತಿಳಿಸಲು ಎರಡು ಬಗೆಯ ಅಚ್ಚಾದ ಚೀಟಿಗಳಿದ್ದವು: ಒಂದು ‘ಜರೂರು’, ಇನ್ನೊಂದು ‘ಅತಿ ಜರೂರು’. ಕಡತದ ನೆತ್ತಿಗೆ ಅಂಟಿಸಿದರೆ ಆಯಿತು. ನಾನು ಸೇರಿದ ವರ್ಷವೇ ಬರೀ ‘ಜರೂರು’ ಸತ್ತುಹೋಗಿತ್ತು. ಅದನ್ನು ಅಂಟಿಸಿದ ಕಡತವನ್ನು ‘ಇವರಿಗೆ ಅಷ್ಟೇನೂ ಬೇಕಿಲ್ಲ’ ಎಂದು ಓದಿಕೊಳ್ಳುತ್ತಿದ್ದೆವು. ಆಮೇಲೆ ‘ಅತಿ ಜರೂರು’ ಎಲ್ಲದಕ್ಕೂ ಬಂತು. ಎಲ್ಲದಕ್ಕೂ ಬಂದ ಮೇಲೆ ಅದರ ಮುಂದೆ ಕೈಬರಹದಲ್ಲಿ ಇನ್ನೊಂದು ‘ಅತಿ’ ಸೇರಿತು. ಕುಣಿಗಲ್ಲಿನವರು ಒಮ್ಮೆ ಒಂದೇ ಕಡತಕ್ಕೆ ನಾಲ್ಕು ಚೀಟಿ ಅಂಟಿಸಿ ಕಳಿಸಿದರು. ಒಳಗೆ ಏನಿದೆ ಎಂದು ಗಾಬರಿಯಿಂದ ಬಿಚ್ಚಿದರೆ, ಕಚೇರಿಗೆ ಎರಡು ಹೊಸ ಪೊರಕೆ ಬೇಕಿತ್ತು.

ಹೀಗೆ ಬಳಸಿ ಬಳಸಿ ಚೀಟಿಗಳೇ ಮುಗಿದವು. ಹೊಸ ಚೀಟಿ ಕೋರಿ ಬೆಂಗಳೂರಿಗೆ ಬೇಡಿಕೆ ಬರೆದೆ. ಮೂರು ವಾರದ ಮೇಲೆ ಉತ್ತರ ಬಂತು: ‘ಸದರಿ ಬೇಡಿಕೆಯು ಜರೂರಿನದೆಂದು ಕಂಡುಬರುವುದಿಲ್ಲ. ಸರದಿಯ ಮೇಲೆ ಪರಿಗಣಿಸಲಾಗುವುದು.’ ಅವರ ಮಾತು ನ್ಯಾಯವಾಗಿತ್ತು. ನನ್ನ ಕಾಗದಕ್ಕೆ ಚೀಟಿ ಅಂಟಿಸಿರಲಿಲ್ಲ. ನಾಲ್ಕು ತಿಂಗಳು ನಮ್ಮ ಕಚೇರಿಯಲ್ಲಿ ಯಾವುದೂ ಜರೂರಾಗಿರಲಿಲ್ಲ. ಕೆಲಸ ಮೊದಲಿನ ಹಾಗೇ ನಡೆಯಿತು.

ನಮ್ಮ ಶಾಖೆಯ ಸೂಪರಿಂಟೆಂಡೆಂಟ್ ಗೋವಿಂದಪ್ಪನವರಿಗೆ ಮಾತ್ರ ಇದರಿಂದ ಆಶ್ಚರ್ಯವಾಗಲಿಲ್ಲ. ಬಿಸಿಲಲ್ಲೂ ಕ್ಲೋಸ್ ಕಾಲರ್ ಕೋಟು ಬಿಚ್ಚದ, ನಶ್ಯದ ಡಬ್ಬಿಯನ್ನು ಇಂಕಿನ ಬಾಟಲಿಯ ಪಕ್ಕದಲ್ಲಿ ಇಡುತ್ತಿದ್ದ ಹಿರಿಯರು ಅವರು. ಎರಡರಲ್ಲಿ ಯಾವುದು ಯಾವುದೆಂದು ಒಮ್ಮೆ ತಪ್ಪಿದ್ದೂ ಉಂಟು. ನನಗೆ ಕಸುಬು ಕಲಿಸಿದವರು ಅವರೇ. ಅವರ ಸಿದ್ಧಾಂತ ಇಷ್ಟು:

“ನೋಡಯ್ಯಾ ಮೂರ್ತಿ, ಮೊದಲ್ನೇ ಕಾಗದ ಬಂದ್ರೆ ಅವರಿಗೆ ಏನೋ ನೆನಪಾಯ್ತು ಅಂತ ಅರ್ಥ. ಒಂದ್ನೇ ಜ್ಞಾಪನ ಬಂದ್ರೆ ಅವರ ಗುಮಾಸ್ತ ರಜದಿಂದ ವಾಪಸ್ ಬಂದ ಅಂತ. ಎರಡನೇದು ಬಂದ್ರೆ ಅವನಿಗೆ ಸಾಹೇಬ್ರು ಬೈದ್ರು ಅಂತ. ಮೂರನೇದು ಬಂದ್ರೆ ಮಾತ್ರ ನಿಜವಾಗ್ಲೂ ಬೇಕು ಅಂತ. ಅಲ್ಲೀ ತನಕ ಕೈ ಹಚ್ಚಬೇಡ ಕಣಯ್ಯಾ.”

“ಮೂರನೇದು ಬರ್ದೇ ಹೋದ್ರೆ ಸಾರ್?”

“ಕೆಲ್ಸ ಆಯ್ತು ಅಂತ ತಿಳ್ಕೊ.”

ನಗಬೇಡಿ. ಈ ಸಿದ್ಧಾಂತದಿಂದ ನಮ್ಮ ಶಾಖೆಯಲ್ಲಿ ವಿಲೇವಾರಿಯಾದಷ್ಟು ಕಾಗದ ದುಡಿಮೆಯಿಂದ ಆಗಿಲ್ಲ. ಹತ್ತರಲ್ಲಿ ಒಂಬತ್ತು ತಮ್ಮಷ್ಟಕ್ಕೆ ತಣ್ಣಗಾಗುತ್ತಿದ್ದವು. ಇದರಲ್ಲಿ ಇದ್ದ ದೋಷ ಒಂದೇ: ಜ್ಞಾಪನ ಹಾಕುವ ಸ್ವಭಾವವಿಲ್ಲದ ಮನುಷ್ಯರೂ ಲೋಕದಲ್ಲಿ ಇರುತ್ತಾರೆ. ಅದು ನಮಗೆ ಹೊಳೆದಿರಲಿಲ್ಲ. ಹೊಳೆಯಬೇಕಾದರೆ ಅವರು ಜ್ಞಾಪನ ಹಾಕಬೇಕಿತ್ತು.

ಕೇಂದ್ರ ಕಚೇರಿಯ ಅವಸರಕ್ಕೂ ಒಂದು ಉದಾಹರಣೆ ಕೊಟ್ಟುಬಿಡುತ್ತೇನೆ. ಪ್ರತಿ ಸೋಮವಾರ ಒಂದು ತಃಖ್ತೆ ಹೋಗಬೇಕು. ಹೇಳುವುದೇನೂ ಇಲ್ಲದಿದ್ದರೆ ‘ಶೂನ್ಯ’ ಎಂದಾದರೂ ಹೋಗಬೇಕು. ಒಂದು ವಾರ ಕುಣಿಗಲ್ಲಿನ ಶೂನ್ಯಕ್ಕೆ ಗುಬ್ಬಿಯ ಶೂನ್ಯವನ್ನು ಕೂಡಿಸಿ ಶೂನ್ಯ ಕಳಿಸಿದೆ. ‘ಮೊತ್ತವನ್ನು ಮತ್ತೊಮ್ಮೆ ತಾಳೆ ನೋಡಿ ತಕ್ಷಣ ದೃಢೀಕರಿಸುವುದು’ ಎಂದು ತಂತಿ ಬಂತು. ದೃಢೀಕರಿಸಲು ಎರಡು ದಿನ ತೆಗೆದುಕೊಂಡೆ. ಅದೇ ದಿನ ಕಳಿಸಿದ್ದರೆ ಸರಿಯಾಗಿ ನೋಡಿಲ್ಲ ಎಂದುಕೊಳ್ಳುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೊಸ ಸಾಹೇಬರು ಬಂದರು. ಒಳ್ಳೆಯ ಮನುಷ್ಯರು, ಲಂಚ ಮುಟ್ಟಿದವರಲ್ಲ, ಎಲೆ ಅಡಿಕೆ ಬಿಟ್ಟು ಬೇರೆ ಚಟವಿಲ್ಲ. ಆದರೆ ಬೆಂಗಳೂರಿನಲ್ಲಿ ಹತ್ತು ದಿನದ ತರಬೇತಿಗೆ ಹೋಗಿಬಂದರು. ತರಬೇತಿ ಎಂಬುದು ಕೆಲವರಿಗೆ ಮೈಗೆ ಹತ್ತುವುದಿಲ್ಲ, ಇವರಿಗೆ ಹತ್ತಿತು. ಬಂದ ಮರುದಿನವೇ ಸುತ್ತೋಲೆ ಹೊರಟಿತು. ಇನ್ನು ಮುಂದೆ ಜರೂರು, ಅತಿ ಜರೂರು ಎಂಬ ಅವೈಜ್ಞಾನಿಕ ಚೀಟಿಗಳು ರದ್ದು. ಅವುಗಳ ಜಾಗದಲ್ಲಿ ‘ತ್ರಿವರ್ಣ ಕಡತ ಪದ್ಧತಿ’. ಕೆಂಪು ಚೀಟಿಯ ಕಡತ ಅಂದೇ ಮುಗಿಯಬೇಕು. ಹಸಿರು, ಒಂದು ವಾರದಲ್ಲಿ. ಹಳದಿ, ಒಂದು ತಿಂಗಳಲ್ಲಿ. ಚೀಟಿಯು ಕಡತದ ಅಂಚಿನಿಂದ ಅರ್ಧ ಅಂಗುಲ ಹೊರಗೆ ಕಾಣುವಂತಿರಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೆಂಪಿಗೆ ಮೇಜು, ಹಸಿರಿಗೆ ಸ್ಟೂಲು, ಹಳದಿಗೆ ಗೋಡೆಯ ರ್ಯಾಕು. ರ್ಯಾಕಿನ ಮೇಲೆ ಪೇಂಟರನ್ನು ಕರೆಸಿ ‘ಹಳದಿ’ ಎಂದು ಬರೆಸಲಾಯಿತು.

ಮೊದಲ ವಾರ ಬಂದ ಕಡತಗಳೆಲ್ಲ ಕೆಂಪು. ಎರಡನೇ ವಾರವೂ ಕೆಂಪು. ಹಸಿರು ಅಲ್ಲೊಂದು ಇಲ್ಲೊಂದು. ಹಳದಿ ಮಾತ್ರ ಒಂದೂ ಇಲ್ಲ. ನನ್ನ ಕೆಲಸಕ್ಕೆ ಒಂದು ತಿಂಗಳು ಕಾಯಬಹುದು ಎಂದು ಬರೆದುಕೊಡುವ ನೌಕರ ಜಿಲ್ಲೆಯಲ್ಲೇ ಇರಲಿಲ್ಲ. ಸಾಹೇಬರು ದಿನಾ ಬೆಳಿಗ್ಗೆ ಶಾಖೆಗೆ ಬಂದು ಖಾಲಿ ರ್ಯಾಕಿನ ಮುಂದೆ ನಿಲ್ಲುತ್ತಿದ್ದರು.

“ಹಳದಿ ಎಲ್ರೀ ಮೂರ್ತಿ?”

“ಬಂದಿಲ್ಲ ಸಾರ್.”

“ಮೂರು ಬಣ್ಣ ಇದ್ರೆ ತಾನೇ ಪದ್ಧತಿ? ಬರೀ ಕೆಂಪಿದ್ರೆ ಅದು ಮೊದ್ಲಿನ ಥರಾನೇ ಅಲ್ವೇನ್ರಿ?”

ಅವರ ಮುಖ ನೋಡಲಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಗುಬ್ಬಿಯ ಟಪಾಲಿನಲ್ಲಿ ಒಂದು ತೆಳ್ಳನೆಯ ಕಡತ ಬಂತು. ಅಂಚಿನಿಂದ ಸರಿಯಾಗಿ ಅರ್ಧ ಅಂಗುಲ ಹೊರಗೆ ಹಳದಿ ಮೂಲೆಯೊಂದು ಇಣುಕುತ್ತಿತ್ತು. ನಾನು ಕೂತಲ್ಲಿಂದ ಎದ್ದೆ. ಜವಾನನನ್ನು ಓಡಿಸಿದೆ. ಸಾಹೇಬರೇ ಬಂದರು. ಆ ಮೂಲೆಯನ್ನು ಬೆರಳಿನಿಂದ ಸವರಿ, “ನೋಡಿ, ಗುಬ್ಬಿಯವರಿಗೆ ಅರ್ಥ ಆಗಿದೆ” ಎಂದರು. ಆಮೇಲೆ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಬರಲಿಲ್ಲ. ಕಡತವನ್ನು ನಾನು ಬಿಚ್ಚಿ ನೋಡಲೂ ಇಲ್ಲ. ಮೇಜಿನ ಮೇಲೆ ನಲವತ್ತು ಕೆಂಪು ಉರಿಯುತ್ತಿರುವಾಗ ತಿಂಗಳ ವಾಯಿದೆಯಿರುವ ಹಳದಿಯನ್ನು ಯಾರು ಬಿಚ್ಚುತ್ತಾರೆ? ಅದನ್ನು ರ್ಯಾಕಿನ ನಡುಮಧ್ಯದಲ್ಲಿ, ಬಾಗಿಲಿಂದಲೇ ಕಾಣುವ ಹಾಗೆ ಒಂಟಿಯಾಗಿ ನಿಲ್ಲಿಸಿದೆ. ಮೂರು ವಾರ ಅದು ಅಲ್ಲಿ ನಿಂತಿತ್ತು. ಬಂದ ಅಧಿಕಾರಿಗಳಿಗೆಲ್ಲ ಸಾಹೇಬರು ಅದನ್ನು ತೋರಿಸುತ್ತಿದ್ದರು.

ಮೂರನೇ ವಾರದ ಗುರುವಾರ. ಅಂದು ನನ್ನ ತಲೆಯ ಮೇಲೆ ಎರಡು ಕೆಲಸ ಒಟ್ಟಿಗೆ ಕೂತಿದ್ದವು, ಎರಡಕ್ಕೂ ಶುಕ್ರವಾರ ಸಾಯಂಕಾಲವೇ ಗಡುವು. ಒಂದು, ಆಡಿಟ್‌ನವರ ಆಕ್ಷೇಪಣೆಗಳಿಗೆ ಉತ್ತರ. ಇನ್ನೊಂದು, ತ್ರಿವರ್ಣ ಪದ್ಧತಿ ಎಷ್ಟು ಫಲ ಕೊಟ್ಟಿದೆ ಎಂಬ ಬಗ್ಗೆ ಕೇಂದ್ರ ಕಚೇರಿಗೆ ವರದಿ. ಸಾಹೇಬರು ಕುಣಿಗಲ್ಲಿಗೆ ಮೊಕ್ಕಾಂ ಹೊರಡುವಾಗ ಜೀಪಿನಿಂದಲೇ ಹೇಳಿದ್ದರು: “ವರದಿ ಬಿಟ್ಟು ಬೇರೆ ಏನಕ್ಕೂ ಕೈ ಹಾಕ್ಬೇಡಿ ಮೂರ್ತಿ. ಆಕಾಶ ಕಳಚಿ ಬಿದ್ರೂ ಅದಕ್ಕೆ ಹಸಿರು ಚೀಟಿ ಅಂಟಿಸಿ ಪಕ್ಕಕ್ಕಿಡಿ.”

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತರು. ಮೂವತ್ತೈದರ ಆಸುಪಾಸು, ಕೈಯಲ್ಲಿ ಕೊಡೆ, ಹೆಗಲಿಗೆ ಚೀಲ. ನಿಂತ ರೀತಿ ನೋಡಿದರೇ ಮೇಷ್ಟರ ಕೆಲಸದವರೆಂದು ತಿಳಿಯುತ್ತಿತ್ತು. ನಮ್ಮ ಜವಾನ ಬೀಡಿ ಹಿಂದಕ್ಕೆ ಬಚ್ಚಿಟ್ಟುಕೊಂಡ.

“ಲೆಕ್ಕಶಾಖೆ ಇದೇನಾ ಸಾರ್? ಗುಬ್ಬಿ ಆಫೀಸಿನ ಟೈಪಿಸ್ಟ್ ಶಿವನಂಜಪ್ಪ ಅಂತ. ಅವರದೊಂದು ಅರ್ಜಿ ಬಂದಿದೆ ಇಲ್ಲಿಗೆ. ಭವಿಷ್ಯ ನಿಧಿಯಿಂದ ಮುಂಗಡ ಕೇಳಿದ್ರು.”

ಗೋವಿಂದಪ್ಪನವರು ನಶ್ಯ ಏರಿಸುತ್ತ ಕೇಳಿದರು. “ನೀವು ಅವರಿಗೆ ಏನಾಗ್ಬೇಕಮ್ಮಾ?”

“ಭಾನುವಾರದ ಮೇಲೆ ಹೆಂಡ್ತಿ. ಭಾನುವಾರದ ತನಕ ಏನೂ ಅಲ್ಲ.”

ನಶ್ಯ ಅರ್ಧದಲ್ಲಿ ನಿಂತಿತು. ಗೋವಿಂದಪ್ಪನವರು ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು. “ಮೂರನೇ ಜ್ಞಾಪನ ಕಣಯ್ಯಾ. ನಡ್ಕೊಂಡೇ ಬಂದದೆ.”

ಶಿವನಂಜಪ್ಪನನ್ನು ನಾನು ಬಲ್ಲೆ. ನಲವತ್ತಕ್ಕೆ ಒಂದೋ ಎರಡೋ ಕಡಿಮೆ. ನಾಲ್ಕು ತಂಗಿಯರ ಮದುವೆ ಮಾಡಿ ಮುಗಿಸುವುದರೊಳಗೆ ತಲೆಯ ಮುಂಭಾಗ ಬಯಲಾಗಿತ್ತು. ಗುಬ್ಬಿ ಕಚೇರಿಯಿಂದ ಬರುವ ಅವಸರದ ಪತ್ರಗಳನ್ನೆಲ್ಲ ಟೈಪು ಮಾಡುತ್ತಿದ್ದವನು ಅವನೇ. ಆದರೆ ಅಂಥ ಅರ್ಜಿಯನ್ನು ನಾನು ನೋಡಿರಲಿಲ್ಲ. ಕೆಂಪು ರಾಶಿ ತಡಕಿದೆ. ಹಸಿರು ತಡಕಿದೆ. ಟಪಾಲು ಪುಸ್ತಕ ತಿರುವಿದೆ; ಮೂರು ವಾರದ ಹಿಂದೆ ಬಂದಿದೆ ಎಂದು ನನ್ನದೇ ಅಕ್ಷರದಲ್ಲಿತ್ತು.

ಆಕೆ ಅಷ್ಟು ಹೊತ್ತೂ ನಿಂತಲ್ಲಿಂದ ಗೋಡೆ ನೋಡುತ್ತಿದ್ದರು.

“ಅದೇ ಅಲ್ವಾ ಸಾರ್, ಅಲ್ಲಿ ನಿಲ್ಸಿದೀರಲ್ಲ? ಅದು ನಮ್ ಲಗ್ನಪತ್ರಿಕೆ. ಮೂಲೆಗೆ ಅರಿಶಿನ ಹಚ್ಚಿದ್ದು ನಮ್ಮವ್ವ.”

ಮದುವೆಯ ಮುಂಗಡ ಕೇಳುವವರು ಅರ್ಜಿಯ ಜೊತೆ ಲಗ್ನಪತ್ರಿಕೆ ಲಗತ್ತಿಸಬೇಕು ಎಂಬುದು ನಿಯಮ. ದೇವರ ಮುಂದೆ ಇಟ್ಟ ಮೊದಲ ಪತ್ರಿಕೆಗಳ ನಾಲ್ಕೂ ಮೂಲೆಗೆ ಅರಿಶಿನ ಹಚ್ಚುವುದು ಪದ್ಧತಿ. ಪತ್ರಿಕೆ ಕಡತಕ್ಕಿಂತ ಅರ್ಧ ಅಂಗುಲ ಉದ್ದವಿದ್ದದ್ದು ನನ್ನ ಗ್ರಹಚಾರ. ಯಾರಿಂದಲೂ ಒಂದು ಗಳಿಗೆ ಮುಂದೂಡಲಾಗದ ಗಡುವು ನಮ್ಮ ಕಚೇರಿಯಲ್ಲಿ ಅದೊಂದಕ್ಕೇ ಇತ್ತು. ಅದನ್ನೇ ನಾನು ಅವಸರವಿಲ್ಲದ್ದೆಂದು ಮೂರು ವಾರ ಪ್ರದರ್ಶನಕ್ಕೆ ಇಟ್ಟಿದ್ದೆ.

“ಅದು ಹಳದಿ ಚೀಟಿ ಅಂದ್ಕೊಂಡೆ” ಎಂದೆ.

“ಹಳದಿ ಚೀಟಿ ಅಂದ್ರೆ?”

ಹೇಳಿದೆ. ಅವರು ಮೂರನೇ ತರಗತಿಗೆ ಪಾಠ ಮಾಡುವವರು. ತಾಳ್ಮೆಯಿಂದ ಪೂರ್ತಿ ಕೇಳಿದರು.

ಆಮೇಲೆ ತಮ್ಮ ಕಡೆಯದನ್ನು ಹೇಳಿದರು. ಹೆಸರು ಪಾರ್ವತಮ್ಮ. ಕುಣಿಗಲ್ಲಿನ ಹತ್ತಿರದ ಶಾಲೆಯಲ್ಲಿ ಕೆಲಸ. ಮದುವೆ ಗುಬ್ಬಿಯ ಛತ್ರದಲ್ಲಿ, ಖರ್ಚು ಗಂಡಿನದು. ಛತ್ರದವರು ಶುಕ್ರವಾರ ಸಾಯಂಕಾಲದೊಳಗೆ ಬಾಕಿ ಕೊಡದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದಾರೆ. “ನಮ್ಮಣ್ಣ ಹೇಳ್ಬಿಟ್ಟವ್ನೆ. ಛತ್ರ ತಪ್ಪಿದ್ರೆ ಬೀದೀಲಿ ನಿಂತು ಧಾರೆ ಎರೆಯಲ್ಲ, ಆಷಾಢ ಬಂತು, ಆಮೇಲೆ ನೋಡಾನ ಅಂತ. ಅವನು ನೋಡಾನ ಅಂದ್ರೆ ಏನೂ ಅಂತ ನಂಗೊತ್ತು ಸಾರ್. ಎರಡು ಮಕ್ಕಳಿರೋ ಒಬ್ಬ ಅಕ್ಕಿ ಮಿಲ್ಲಿನವರನ್ನ ನೋಡಿ ಇಟ್ಟವ್ನೆ.”

“ಶಿವನಂಜಪ್ಪ ಒಂದು ಮಾತು ಬರೀಬಹುದಿತ್ತಲ್ಲಮ್ಮ?” ಎಂದರು ಗೋವಿಂದಪ್ಪನವರು.

“ನಾನೂ ಅದೇ ಬೈದೆ. ಆಫೀಸಿನವರಿಗೆ ನನ್ನ ಕೆಲ್ಸಕ್ಕೆ ತೊಂದ್ರೆ ಕೊಡೋದು ಸರಿಯಲ್ಲ ಅಂತಾರೆ. ಅದಕ್ಕೇ ಅವರಿಗೆ ಗೊತ್ತಿಲ್ದಂಗೆ ನಾನೇ ಬಂದೆ.”

ಕಡತ ಬಿಚ್ಚಿದೆ. ಎಲ್ಲ ಸರಿಯಾಗಿತ್ತು. ತನ್ನದೇ ಸಂಬಳದಿಂದ ತಿಂಗಳು ತಿಂಗಳು ಹಿಡಿದಿಟ್ಟ ಹಣ. ಸಾಹೇಬರು ಮಂಜೂರಾತಿಗೆ ಸಹಿ ಹಾಕಿದರೆ ಗುಬ್ಬಿಯ ಉಪಖಜಾನೆಯಲ್ಲಿ ಬಿಲ್ಲು ಪಾಸಾಗುತ್ತದೆ. ಆದೇಶ ಬರೆಯಲು ನನಗೆ ಬೇಕಾದದ್ದು ಇಪ್ಪತ್ತು ನಿಮಿಷ. ಸಹಿ ಮಾತ್ರ ಕುಣಿಗಲ್ಲಿನ ಪ್ರವಾಸಿ ಮಂದಿರದಲ್ಲಿತ್ತು.

“ಅಯ್ಯೋ, ನಾನು ಅಲ್ಲಿಂದಲೇ ಬಂದೆನಲ್ಲ” ಎಂದರು ಪಾರ್ವತಮ್ಮ.

ನಾನು ಮೇಜಿನ ಮೇಲಿದ್ದ ವರದಿಯ ಕರಡು ನೋಡಿದೆ. ಗೋವಿಂದಪ್ಪನವರು ಅದನ್ನು ತಮ್ಮ ಕಡೆ ಎಳೆದುಕೊಂಡು ಅದರ ಮೇಲೆ ನಶ್ಯದ ಡಬ್ಬಿ ಇಟ್ಟರು.

“ಆಡಿಟ್‌ದು ನಾನು ನೋಡ್ಕೊಂತೀನಿ. ಈ ವರದಿ ತಡವಾದ್ರೆ ನಿಂಗೊಂದು ಮೆಮೊ ಬರ್ತದೆ. ಇದು ತಡವಾದ್ರೆ ಇವರಿಗೆ ಅಕ್ಕಿ ಮಿಲ್ಲು ಬರ್ತದೆ. ಹೊರಡು.” ಆಮೇಲೆ ನಿಯಮ ನೆನಪಾಗಿ ಸೇರಿಸಿದರು. “ಕಡತಾನ ಪಾರ್ಟಿ ಕೈಗೆ ಕೊಡಂಗಿಲ್ಲ. ಕಡತ ಹಿಡ್ಕೊಂಡ ಗುಮಾಸ್ತನ ಜೊತೆ ಬಸ್ಸಲ್ಲಿ ಯಾರ್ಯಾರು ಇದ್ರು ಅಂತ ರೂಲಲ್ಲಿ ಕೇಳಿಲ್ಲ.”

ಮಧ್ಯಾಹ್ನದ ಬಸ್ಸು ಹೆಬ್ಬೂರಿನಲ್ಲಿ ಅರ್ಧ ಗಂಟೆ ನಿಂತಿತು. ಡ್ರೈವರು ಊಟಕ್ಕೆ ಹೋಗಿದ್ದ. ಅವನಿಗೆ ಮಾತ್ರ ಯಾವ ಗಡುವೂ ಇರಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ನಾವು ಪ್ರವಾಸಿ ಮಂದಿರ ತಲುಪಿದಾಗ ಸಾಹೇಬರು ವರಾಂಡದಲ್ಲಿ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು.

“ವರದಿ ತಂದ್ರಾ?”

“ಇಲ್ಲ ಸಾರ್. ಒಂದು ಮಂಜೂರಾತಿಗೆ ಸಹಿ ಬೇಕಿತ್ತು.”

ಕಡತ ಕಂಡದ್ದೇ ಅವರ ಮುಖ ಕಳೆಗುಂದಿತು. “ಇದು ನಮ್ಮ ಹಳದಿ ಅಲ್ವೇನ್ರಿ? ಇದನ್ನ ಯಾಕ್ರೀ ರ್ಯಾಕಿಂದ ಇಳಿಸಿದ್ರಿ?”

“ಸಾರ್, ಅದು ಚೀಟಿ ಅಲ್ಲ. ಲಗ್ನಪತ್ರಿಕೆ. ಅರಿಶಿನ ಹಚ್ಚಿದಾರೆ.”

ಅವರು ಕಡತವನ್ನು ಬೆಳಕಿಗೆ ಹಿಡಿದು ನೋಡಿದರು. “ಬಣ್ಣ ಯಾವುದು?”

“ಹಳದಿ ಸಾರ್.”

“ಹಳದಿಗೆ ಎಷ್ಟು ದಿನ?”

“ಒಂದು ತಿಂಗಳು ಸಾರ್.”

“ಮತ್ತೆ? ಇನ್ನೂ ಒಂಬತ್ತು ದಿನ ಇದೆಯಲ್ರೀ.”

“ಮದ್ವೆ ಭಾನುವಾರ ಸಾರ್.”

“ಅದು ಅವರ ತಾರೀಖು.” ಅವರು ದನಿ ತಗ್ಗಿಸಿದರು, ನಿಜವಾಗಿಯೂ ಸಂಕಟದಲ್ಲಿದ್ದರು. “ನೋಡಿ ಮೂರ್ತಿ, ನಾನೇ ಸಹಿ ಮಾಡಿದ ಸುತ್ತೋಲೆ. ನಾನೇ ಹಳದೀನ ಕೆಂಪಿನ ಥರ ನೋಡಿದ್ರೆ ನಾಳೆ ವರದೀಲಿ ಏನಂತ ಬರೀಲಿ? ಇದೇ ಕೆಂಪಾಗಿದ್ದಿದ್ರೆ ಈ ಕ್ಷಣ ಹಾಕ್ತಿದ್ದೆ.”

“ಕೆಂಪು ಚೀಟಿ ಅಂಟಿಸ್ಲಾ ಸಾರ್?”

“ಅಂಟಿಸಿ. ಅದಕ್ಕೆ ಅಭ್ಯಂತರ ಇಲ್ಲ.”

ಕುಣಿಗಲ್ ಕಚೇರಿಗೆ ಆಳು ಓಡಿದ. ಹದಿನೈದು ನಿಮಿಷದ ಮೇಲೆ ಬರಿಗೈಯಲ್ಲಿ ಬಂದ. “ಕೆಂಪು ಖಾಲಿಯಾಗವಂತೆ ಬುದ್ಧಿ. ಬೇಕು ಅಂತ ಬರ್ದಿದ್ರಂತೆ, ಅರ್ಜೆಂಟಿಲ್ಲ ಅಂತ ಮ್ಯಾಲಿಂದ ವಾಪಸ್ ಬಂತಂತೆ. ಹಳದಿ ಬೇಕಾದ್ರೆ ಕಟ್ಟುಗಟ್ಲೆ ಅವಂತೆ.”

ಸಾಹೇಬರು ಕೈ ಚೆಲ್ಲಿದರು. ನಾನು ಕಂಬಕ್ಕೆ ಒರಗಿದೆ. ಪಾರ್ವತಮ್ಮ ಅಲ್ಲಿಯವರೆಗೂ ಮೆಟ್ಟಿಲ ಹತ್ತಿರ ಕೊಡೆ ಊರಿಕೊಂಡು ನಿಂತಿದ್ದವರು, ಮೇಲಕ್ಕೆ ಹತ್ತಿಬಂದರು.

“ಸಾರ್, ಆ ಸುಣ್ಣ ಒಂಚೂರು ತಗೊಳ್ಲಾ?”

ಸಾಹೇಬರು ಆಕೆಗೂ ಎಲೆ ಅಡಿಕೆ ಬೇಕೇನೋ ಎಂದುಕೊಂಡು ತಟ್ಟೆ ಸರಿಸಿದರು. ಆಕೆ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು, ನೀರಿನ ಲೋಟಕ್ಕೆ ಅದ್ದಿ, ಪತ್ರಿಕೆಯ ಅರಿಶಿನದ ಮೂಲೆಯ ಮೇಲೆ ಎಳೆದರು. ನಾವು ನೋಡುತ್ತಿದ್ದ ಹಾಗೇ ಹಳದಿ ರಕ್ತದ ಹಾಗೆ ಕೆಂಪಾಯಿತು.

“ಆರತಿಗೆ ಓಕುಳಿ ಕಲಸೋದು ಹಿಂಗೇ ಅಲ್ವಾ ಸಾರ್” ಎಂದರು, ಹಲಗೆ ಒರೆಸಿ ಕೈ ಕೊಡವಿದಂತೆ. “ಈಗ ನೋಡಿ.”

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆ ಮೂಲೆಯನ್ನು ಬೆರಳಿನಿಂದ ಅಳೆದರು. ಅರ್ಧ ಅಂಗುಲವೇ ಇತ್ತು.

“ಕೆಂಪು” ಎಂದರು. ಪೆನ್ನು ಬಿಚ್ಚಿ ಸಹಿ ಹಾಕಿದರು. ತಾರೀಖು, ಗಂಟೆ ಎರಡನ್ನೂ ನಮೂದಿಸಿದರು. “ನಾಲ್ಕೂ ಐವತ್ತಕ್ಕೆ ಕೆಂಪಾಗಿ ಬಂತು, ನಾಲ್ಕೂ ಐವತ್ತೆರಡಕ್ಕೆ ವಿಲೇವಾರಿ. ಇದನ್ನ ವರದಿಗೆ ಸೇರಿಸ್ಕೊಳ್ಳಿ ಮೂರ್ತಿ.”

ಅವರು ಪೆದ್ದರೆಂದು ತಿಳಿಯಬೇಡಿ. ಕಡತ ಕೊಡುವಾಗ ಆಕೆಯನ್ನು ಕೇಳಿದರು. “ಮುಹೂರ್ತ ಎಷ್ಟಕ್ಕಮ್ಮಾ?”

“ಒಂಬತ್ತೂಕಾಲು ಸಾರ್.”

“ಸರಿಯಾಗಿ ಅಷ್ಟು ಹೊತ್ತಿಗೇ ಮಾಡ್ಕೊಳ್ಳಿ. ನಮ್ಮ ಆಫೀಸಿನವರನ್ನ ನಂಬ್ಕೊಂಡು ಕೂರಬೇಡಿ.”

ಶುಕ್ರವಾರ ಬೆಳಿಗ್ಗೆ ನಾನು ಗುಬ್ಬಿಯಲ್ಲಿದ್ದೆ. ಶಿವನಂಜಪ್ಪ ಟೈಪು ಮಾಡುತ್ತಿದ್ದ. ಕತ್ತು ಚಾಚಿ ನೋಡಿದೆ: ನಮ್ಮ ಕಚೇರಿಗೇ ಒಂದು ಜ್ಞಾಪನ, ಕುರ್ಚಿಯ ಬೆತ್ತ ಹೆಣೆಸುವ ಬಗ್ಗೆ, ಎರಡನೆಯದು.

ಮಂಜೂರಾತಿ ಆದೇಶವನ್ನು ಯಂತ್ರದ ಮೇಲಿಟ್ಟೆ. ಅವನು ಓದಿ, ಮಡಿಚಿ, ಮತ್ತೆ ಬಿಡಿಸಿ ಓದಿದ.

“ನಿಮ್ಮದಕ್ಕೂ ಒಂದು ಜ್ಞಾಪನ ಹಾಕೋಕೆ ಏನಾಗಿತ್ರೀ? ಕುರ್ಚಿಗೆ ಎರಡೆರಡು ಹಾಕ್ತೀರ.”

“ನನ್ನ ವಿಷಯಕ್ಕೆ ನಾನೇ ಟೈಪ್ ಮಾಡ್ಕೊಳೋದು ಹೆಂಗೆ ಸಾರ್? ಸರ್ಕಾರಿ ಕಾಗದ, ಸರ್ಕಾರಿ ರಿಬ್ಬನ್ನು.” ಆಮೇಲೆ ತಲೆ ತಗ್ಗಿಸಿ ಅಂದ. “ಅಲ್ದೆ ನಿಮ್ಮ ಮೇಜಿನ ಮೇಲೆ ಎಷ್ಟು ಅರ್ಜೆಂಟ್ ಇರ್ತವೆ ಅಂತ ನಂಗೊತ್ತು ಸಾರ್. ಅರ್ಧ ನಾನೇ ಟೈಪ್ ಮಾಡಿರೋವು.”

ಬಿಲ್ಲು ಬರೆದು, ಉಪಕಚೇರಿಯ ಅಧಿಕಾರಿಯ ಸಹಿ ಹಾಕಿಸಿ ಉಪಖಜಾನೆಗೆ ಹೋಗುವಾಗ ಒಂದು ಗಂಟೆ ದಾಟಿತ್ತು. ಹಣ ಕೊಡುವುದು ಎರಡರವರೆಗೆ ಮಾತ್ರ. ಕಿಂಡಿಯ ಮುಂದೆ ಹನ್ನೆರಡು ಜನ.

“ಸರದಿ ಮೇಲೆ ಬನ್ನಿ” ಎಂದ ಖಜಾನೆಯ ಗುಮಾಸ್ತ, ತಲೆ ಎತ್ತದೆ. “ಎಲ್ಲಾರ್ದೂ ಅರ್ಜೆಂಟೇ ಇಲ್ಲಿ.”

ಶಿವನಂಜಪ್ಪ ಹೋಗಿ ಸಾಲಿನ ಕೊನೆಗೆ ನಿಂತ. ನಿಲ್ಲುತ್ತಾನೆಂದು ನನಗೆ ಗೊತ್ತಿತ್ತು. ನಾನೇ ಕಿಂಡಿಯೊಳಗೆ ಬಿಲ್ಲು ತೂರಿಸಿದೆ. ಆ ಗುಮಾಸ್ತ ಬೈಯಲು ಬಾಯಿ ತೆರೆದವನು, ಹೆಸರು ಓದಿ ಹಾಗೇ ನಿಂತ.

“ಯಾರು, ನಮ್ಮ ಟೈಪಿಸ್ಟ್ ಶಿವನಂಜಪ್ಪಾರದಾ? ಉದ್ದೇಶ... ಸ್ವಂತ ಮದುವೆ?” ಅವನು ಎದ್ದು ಕಿಂಡಿಯಿಂದ ಹೊರಗೆ ಕತ್ತು ಹಾಕಿದ. “ಏನ್ ಸ್ವಾಮಿ, ಕೊನೆಗೂ?”

ಸಾಲಿನಲ್ಲಿದ್ದವರೆಲ್ಲ ಹಿಂದಕ್ಕೆ ತಿರುಗಿದರು. ಗುಬ್ಬಿಯಲ್ಲಿ ಅವನಿಂದ ಒಂದು ಅರ್ಜಿ ಟೈಪು ಮಾಡಿಸಿಕೊಳ್ಳದ ಕಚೇರಿಯವರೇ ಇರಲಿಲ್ಲ. “ಏನ್ಲಾ ಶಿವನಂಜ, ಒಂದ್ ಮಾತು ಹೇಳ್ಬಾರ್ದಾ? ಮುಂದ್ಕೆ ಹೋಗೋ” ಎಂದ ಒಬ್ಬ. “ನಂದು ಸೋಮವಾರ ಆದ್ರೂ ಆಯ್ತದೆ ಬುಡು” ಎಂದ ಇನ್ನೊಬ್ಬ. ಹನ್ನೆರಡು ಅತಿ ಜರೂರು ಬಿಲ್ಲುಗಳಲ್ಲಿ ಹನ್ನೊಂದು ಅಲ್ಲಿಯೇ ಸೋಮವಾರಕ್ಕೆ ಹೋದವು. ಹನ್ನೆರಡನೆಯದು ಒಂದು ಶಾಲೆಯ ಸಂಬಳದ್ದು. ಆ ಮೇಷ್ಟರು ಕೂಡ ಎರಡನೆಯವರಾಗಿ ನಿಂತರು. ಎರಡಕ್ಕೆ ಹತ್ತು ನಿಮಿಷ ಇರುವಾಗ ಶಿವನಂಜಪ್ಪ ಹಣ ಎಣಿಸಿಕೊಂಡ. ಎರಡಕ್ಕೆ ಛತ್ರದ ಬಾಗಿಲಲ್ಲಿದ್ದ. ಛತ್ರದ ಮ್ಯಾನೇಜರು ಆಗ ಮಲಗಿದ್ದರಂತೆ.

ಆಡಿಟ್‌ನವರ ಹದಿನಾಲ್ಕು ಆಕ್ಷೇಪಣೆಗಳಿಗೂ ಗೋವಿಂದಪ್ಪನವರು ಗುರುವಾರವೇ ಉತ್ತರ ಬರೆದಿದ್ದರು. ಹದಿನಾಲ್ಕಕ್ಕೂ ಒಂದೇ ಉತ್ತರ: ‘ಪರಿಶೀಲನೆಯಲ್ಲಿದೆ.’ ಆಡಿಟ್‌ನವರು ಒಪ್ಪಿಕೊಂಡು ಹೋದರು.

ವರದಿ ಶುಕ್ರವಾರ ಹೋಗಲಿಲ್ಲ. ಮರು ಬುಧವಾರ ಹೋಯಿತು. ಕೇಂದ್ರ ಕಚೇರಿ ಸಾಹೇಬರನ್ನು ಕೇಳಿತು, ಸಾಹೇಬರು ನನ್ನನ್ನು ಕೇಳಿದರು: ವರದಿ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬಾರದೆಂದು ಹೇಳಿದ್ದರೂ ಏಕೆ ಹಾಕಿದಿರಿ, ಮೂರು ದಿನದೊಳಗೆ ವಿವರಣೆ ಕೊಡಿ. ಆ ಮೆಮೊಗೆ ಕೆಂಪು ಚೀಟಿ ಇತ್ತು. ನಾನು ಮೂರನೇ ಜ್ಞಾಪನ ಬಂದ ಮೇಲೆ ಉತ್ತರ ಕೊಟ್ಟೆ. ಸೇವಾ ಪುಸ್ತಕದಲ್ಲಿ ಒಂದು ‘ಎಚ್ಚರಿಕೆ’ ಬಿತ್ತು. ಅದನ್ನು ಬರೆಯುವಾಗ ಸಾಹೇಬರು ನನಗೆ ಎಲೆ ಅಡಿಕೆ ಕೊಟ್ಟರು.

ವರದಿಯಲ್ಲಿ ನಾನು ಸುಳ್ಳು ಬರೆಯಲಿಲ್ಲ. ಹಳದಿ ಕಡತಗಳು: ಶೂನ್ಯ. ಬಂದ ದಿನವೇ ವಿಲೇವಾರಿಯಾದ ಕೆಂಪು ಕಡತಗಳು: ಒಂದು. ಮೇಲಿನವರು ಅದರ ಕೆಳಗೆ ಗೆರೆ ಎಳೆದು, ‘ಪದ್ಧತಿ ಫಲ ಕೊಡಲಾರಂಭಿಸಿದೆ’ ಎಂದು ಬರೆದು, ಉಳಿದ ಜಿಲ್ಲೆಗಳಿಗೂ ಕಳಿಸಿದರು. ಒಂದು ವರ್ಷದ ಮೇಲೆ ಸಾಹೇಬರಿಗೆ ವರ್ಗವಾಯಿತು. ಮುಂದೆ ಬಂದವರಿಗೆ ಬಣ್ಣ ಆಗದು; ಅವರು ಒಂದು, ಎರಡು, ಮೂರು ಎಂದು ಅಂಕಿ ಹಾಕಿಸಿದರು. ಬಂದ ಕಡತಗಳೆಲ್ಲ ಒಂದು.

ನಾನು ಮಾತ್ರ ಆ ವಾರದಿಂದ ಗೆರೆ ಹಾಕಿದ ಒಂದು ರೂಲುಪುಸ್ತಕ ಇಟ್ಟುಕೊಂಡೆ, ನಿವೃತ್ತಿಯವರೆಗೆ. ಬಂದ ಪ್ರತಿ ಕಾಗದಕ್ಕೂ ಅದರಲ್ಲಿ ಒಂದು ಸಾಲು. ಯಾವಾಗ ಬೇಕಂತೆ ಎಂದು ಬರೆಯುವ ಬದಲು, ತಡವಾದರೆ ಯಾರಿಗೆ ಏನಾಗುತ್ತದೆ ಎಂದು ಬರೆಯುತ್ತಿದ್ದೆ. ಬಹಳಷ್ಟು ಸಾಲುಗಳಲ್ಲಿ ‘ಯಾರಿಗೂ ಏನೂ ಆಗುವುದಿಲ್ಲ’ ಎಂದೇ ಬಂತು; ಅವು ಮೂರನೇ ಜ್ಞಾಪನಕ್ಕೆ ಕಾದವು. ದಿನಕ್ಕೆ ಒಂದೋ ಎರಡೋ ಸಾಲಿನಲ್ಲಿ ಒಬ್ಬ ಮನುಷ್ಯನ ಹೆಸರು ಬರುತ್ತಿತ್ತು. ಅದನ್ನು ಮೊದಲು ಮಾಡುತ್ತಿದ್ದೆ. ಪಕ್ಕದ ಮನೆಯ ಹುಡುಗಿಗೂ ಅದನ್ನೇ ಹೇಳಿದ್ದೇನೆ. “ಕಂಪ್ಯೂಟರಲ್ಲಿ ಆ ಕಾಲಮ್ ಇಲ್ಲ ಅಂಕಲ್” ಎಂದಳು. ಒಂದು ರೂಲುಪುಸ್ತಕ ಕೊಂಡುಕೊಟ್ಟಿದ್ದೇನೆ.

ಶಿವನಂಜಪ್ಪ ಮತ್ತು ಪಾರ್ವತಮ್ಮನವರ ಮದುವೆ ಆ ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ಗುಬ್ಬಿಯ ಛತ್ರದಲ್ಲಿ ನಡೆಯಿತು. ಮುಂಗಡವನ್ನು ಇಪ್ಪತ್ತನಾಲ್ಕು ಕಂತುಗಳಲ್ಲಿ ಸಂಬಳದಿಂದ ಕಟಾಯಿಸಲಾಯಿತು.